ಹೊರಡುವ ಆರು ವಾರ ಮೊದಲು



ವಿದೇಶಕ್ಕೆ ಹೋಗುವವರ ಲಸಿಕೆಯ ಬಗ್ಗೆ ಮಾತನಾಡಲು ನಿಂತವನು ಮೊದಲಿಗೆ ಸೊರಬದ ಕಾಡಿನ ಮಾತು ತೆಗೆದರೆ ನಿಮಗೆ ಅಚ್ಚರಿಯಾಗಬಹುದು. ಆದರೆ ಈ ವಿಷಯದ ಒಂದು ಬೇರು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. 1957ರ ಬೇಸಿಗೆಯ ಹೊತ್ತಿಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು. ಸೌದೆಗೆ, ದರಗಿಗೆ ಎಂದು ಕಾಡಿಗೆ ಹೋಗಿ ಬಂದವರು ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಿಡಿದು ಮಲಗುತ್ತಿದ್ದರು. ಸುದ್ದಿ ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಲ್ಲಿ 1952ರಲ್ಲಿ ಶುರುವಾಗಿದ್ದ ಕೇಂದ್ರ ಅದು. ಅಲ್ಲಿಂದ ಬಂದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಮೊದಲು ಬಂದ ಅನುಮಾನ ಒಂದೇ: ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೆ?

ಪರೀಕ್ಷೆಯಲ್ಲಿ ಸಿಕ್ಕಿದ ವೈರಾಣು ಬೇರೆಯದು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಬಳಗಕ್ಕೆ ಸೇರಿದ್ದು. ಅದನ್ನೇ ನಾವು ಇಂದಿಗೂ ಮಂಗನ ಕಾಯಿಲೆ ಎನ್ನುತ್ತೇವೆ, ಈಗಲೂ ಅದಕ್ಕೆ ಜೀವ ತೆರುತ್ತಿದ್ದೇವೆ. ಆ ದುಃಖದ ಕಥೆ ಬೇರೆಯೇ ಒಂದು ಉಪನ್ಯಾಸಕ್ಕೆ ಆಗುವಷ್ಟಿದೆ. ಇಂದು ನನಗೆ ಬೇಕಾಗಿರುವುದು ಆ ಮೊದಲ ಅನುಮಾನ. ಅದು ಸುಮ್ಮನೆ ಬಂದದ್ದಲ್ಲ. ಹಳದಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮಲ್ಲಿ ಊರೂರಿನಲ್ಲಿದೆ. ಡೆಂಗಿ, ಚಿಕೂನ್‌ಗುನ್ಯಾ ತರುವುದೂ ಅದೇ. ಏಷ್ಯಾದ ರೀಸಸ್ ಕೋತಿಗಳು ಈ ವೈರಾಣುವಿಗೆ ಸಾಯುತ್ತವೆ ಎಂಬುದು 1927ರಿಂದಲೇ ಗೊತ್ತಿತ್ತು. ಕೋಟ್ಯಂತರ ಜನರಿದ್ದಾರೆ, ಅವರಲ್ಲಿ ಬಹುತೇಕ ಯಾರಿಗೂ ಪ್ರತಿರೋಧ ಶಕ್ತಿ ಇಲ್ಲ. ಸೊಳ್ಳೆ ಇದೆ, ಜನ ಇದ್ದಾರೆ, ವೈರಾಣು ಒಂದು ಮಾತ್ರ ಇಲ್ಲ. ಅದು ಏಷ್ಯಾದಲ್ಲಿ ಯಾಕೆ ಇದುವರೆಗೆ ಬೇರುಬಿಟ್ಟಿಲ್ಲ ಎಂಬುದಕ್ಕೆ ವಿಜ್ಞಾನಿಗಳಲ್ಲಿ ಒಮ್ಮತದ ಉತ್ತರವಿಲ್ಲ. ಆದ್ದರಿಂದ ಭಾರತ ಈ ಒಂದು ರೋಗದ ವಿಷಯದಲ್ಲಿ ಬಹಳ ಬಿಗಿಯಾಗಿದೆ. ಹಾಗಿರುವುದು ಸರಿ ಎಂದೇ ನನ್ನ ಅಭಿಪ್ರಾಯ.

ಈ ರೋಗ ಎಂಥದ್ದು ಎಂದು ಎರಡು ಮಾತು. ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನದಲ್ಲಿ ಜ್ವರ, ತಲೆನೋವು, ಬೆನ್ನುನೋವು. ಹೆಚ್ಚಿನವರು ಅಲ್ಲಿಗೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಒಂದು ದಿನ ಬಿಡುವು ಕೊಟ್ಟು ಮತ್ತೆ ಏರುತ್ತದೆ: ಕಣ್ಣು ಮೈ ಹಳದಿಯಾಗುತ್ತದೆ, ಯಕೃತ್ತು ಮೂತ್ರಪಿಂಡ ಸೋಲುತ್ತವೆ, ವಾಂತಿಯಲ್ಲಿ ರಕ್ತ ಬರುತ್ತದೆ. ಈ ಹಂತ ಮುಟ್ಟಿದವರಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಸೊಳ್ಳೆಯೇ ಇದರ ವಾಹಕ ಎಂದು ಕ್ಯೂಬಾದ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. ಯಾರೂ ಕಿವಿಗೊಡಲಿಲ್ಲ. ಹವಾನಾದಲ್ಲಿ ವಾಲ್ಟರ್ ರೀಡ್ ಅವರ ತಂಡ 1900ರಲ್ಲಿ ಅದನ್ನು ಸಾಬೀತುಪಡಿಸಿದ ಮೇಲೆಯೇ ಜಗತ್ತು ಒಪ್ಪಿತು.

ಲಸಿಕೆಯ ಕಥೆ ಇನ್ನೂ ಮನಕಲಕುವಂಥದ್ದು. 1927ರಲ್ಲಿ ಇಂದಿನ ಘಾನಾ ದೇಶದ ಅಸಿಬಿ ಎಂಬ ಯುವಕನಿಗೆ ಈ ಜ್ವರ ಬಂದಿತ್ತು. ಸಂಶೋಧಕರು ಆತನ ರಕ್ತ ತೆಗೆದು ಒಂದು ರೀಸಸ್ ಕೋತಿಗೆ ಚುಚ್ಚಿದರು. ಕೋತಿ ಸತ್ತಿತು, ಅಸಿಬಿ ಬದುಕಿದ. ಆ ಸಂಶೋಧನೆಯಲ್ಲಿ ತೊಡಗಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರಕ್ಕೆ ಬಲಿಯಾದರು. ಮರುವರ್ಷ ಹಿಡೆಯೊ ನೊಗುಚಿ ಅಕ್ರಾದಲ್ಲಿ ತೀರಿಕೊಂಡರು. ಅಸಿಬಿಯ ರಕ್ತದಿಂದ ಬಂದ ಆ ವೈರಾಣುವನ್ನು ಮ್ಯಾಕ್ಸ್ ಥೈಲರ್ ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ಕೋಳಿ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗ ತರುವ ಬಲ ಕಳೆದುಕೊಂಡ ಒಂದು ತಳಿಯನ್ನು 1937ರಲ್ಲಿ ಹೊರತಂದರು. ಅದರ ಹೆಸರು 17ಡಿ. ಅದಕ್ಕಾಗಿ 1951ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಬೆಂಗಳೂರಿನಲ್ಲಿ ನಮ್ಮ ಹುಡುಗನೊಬ್ಬ ತೋಳಿಗೆ ಹಾಕಿಸಿಕೊಳ್ಳುವ ಅರ್ಧ ಮಿಲಿಲೀಟರ್ ಲಸಿಕೆ ಅದೇ ತಳಿಯ ಸಂತತಿ. ಪಶ್ಚಿಮ ಆಫ್ರಿಕಾದ ಒಬ್ಬ ಸಾಮಾನ್ಯ ಮನುಷ್ಯನ ಋಣ ಜಗತ್ತಿನ ಕೋಟ್ಯಂತರ ಜನರ ಮೈಯಲ್ಲಿದೆ. ಥೈಲರ್ ಹೆಸರು ಹೇಳುವಾಗ ಅಸಿಬಿಯ ಹೆಸರನ್ನೂ ಹೇಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ.

ಈ ಲಸಿಕೆ ಔಷಧಿ ಅಂಗಡಿಯಲ್ಲಿ ಕೊಂಡು ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಳ್ಳುವಂಥದ್ದಲ್ಲ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಕೊಡುತ್ತಾರೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅವುಗಳಲ್ಲಿ ಹಳೆಯದು. ಒಂದೊಂದು ಶೀಶೆಯಲ್ಲಿ ಹಲವರಿಗೆ ಆಗುವಷ್ಟು ಮದ್ದು ಇರುತ್ತದೆ, ತೆರೆದ ಕೆಲವು ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹಾಗಾಗಿ ನಿಗದಿಯಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಕೊಡುವ ಪದ್ಧತಿ. ಪಾಸ್‌ಪೋರ್ಟ್ ಒಯ್ಯಬೇಕು. ಲಸಿಕೆಗೆ ಪ್ರಮಾಣಪತ್ರವಾಗಿ ಕೊಡುವ ಹಳದಿ ಕಾರ್ಡು ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಊರ್ಜಿತವಾಗುತ್ತದೆ, ಏಕೆಂದರೆ ದೇಹ ಪ್ರತಿಕಾಯ ತಯಾರಿಸಲು ಅಷ್ಟು ದಿನ ಬೇಕು. ಮೊದಲು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು. 2016ರ ಜುಲೈ 11ರಿಂದ ಒಂದೇ ಚುಚ್ಚುಮದ್ದು ಜೀವಮಾನಕ್ಕೆ ಸಾಕು. ಹಳೆಯ ಕಾರ್ಡು ಇದ್ದವರು ಜೋಪಾನವಾಗಿ ಇಟ್ಟುಕೊಳ್ಳಿ.

ಇಲ್ಲೊಂದು ಗೊಂದಲವಿದೆ, ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಇದರಲ್ಲೇ ಸಿಕ್ಕಿಬೀಳುತ್ತಾರೆ. ಕೀನ್ಯಾಕ್ಕೆ ಪ್ರಾಣಿ ನೋಡಲು ಹೊರಟವರು, ‘ಭಾರತದಿಂದ ನೇರವಾಗಿ ಬರುವವರಿಗೆ ಕೀನ್ಯಾ ಕಾರ್ಡು ಕೇಳುವುದಿಲ್ಲವಂತೆ, ಹಾಗಾದರೆ ಲಸಿಕೆ ಬೇಡ ಅಲ್ಲವೇ ಡಾಕ್ಟ್ರೇ?’ ಎನ್ನುತ್ತಾರೆ. ಕೀನ್ಯಾ ಕೇಳದಿರುವುದು ಭಾರತದಲ್ಲಿ ಆ ರೋಗ ಇಲ್ಲವೆಂದು. ಮರಳಿ ಬರುವಾಗ ಕೇಳುವುದು ನಮ್ಮದೇ ದೇಶ. ಬ್ರೆಜಿಲ್ ವಿಷಯವೂ ಹಾಗೆಯೇ. ಘಾನಾ, ಅಂಗೋಲಾ, ಉಗಾಂಡಾಗಳಂಥ ದೇಶಗಳು ಒಳಗೆ ಹೋಗುವಾಗಲೇ ಕೇಳುತ್ತವೆ. ಕಾರ್ಡಿಲ್ಲದೆ ಬಂದವರನ್ನು ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಆರು ಯಾಕೆಂದರೆ ರೋಗ ಒಳಗಿದ್ದರೆ ಹೊರಬರಲು ಗರಿಷ್ಠ ಅಷ್ಟು ದಿನ ಬೇಕು.

ಇದು ಅತಿಯಾಯಿತು ಅನ್ನುವವರಿಗೆ 2016ರ ಒಂದು ಪ್ರಸಂಗ ಹೇಳುತ್ತೇನೆ. ಅದರ ಹಿಂದಿನ ವರ್ಷದ ಕೊನೆಗೆ ಅಂಗೋಲಾದ ರಾಜಧಾನಿ ಲುವಾಂಡಾದಲ್ಲಿ ಹಳದಿ ಜ್ವರ ಎದ್ದಿತು. ಅಲ್ಲಿ ಕೆಲಸಕ್ಕಿದ್ದ ಚೀನೀಯರು ಸಾವಿರಾರು. ಅವರಲ್ಲಿ ಹನ್ನೊಂದು ಮಂದಿ ಸೋಂಕು ಹೊತ್ತು ಚೀನಾಕ್ಕೆ ಮರಳಿದರು. ಏಷ್ಯಾದ ನೆಲದಲ್ಲಿ ಹಳದಿ ಜ್ವರ ದೃಢಪಟ್ಟದ್ದು ಅದೇ ಮೊದಲು. ಅಲ್ಲಿಂದ ಮುಂದಕ್ಕೆ ಹರಡದಿದ್ದದ್ದು ನಮ್ಮೆಲ್ಲರ ಪುಣ್ಯ. ಅದೇ ವರ್ಷ ಆಫ್ರಿಕಾದಲ್ಲಿ ಲಸಿಕೆಗೆ ಎಂಥ ಕೊರತೆ ಬಂತೆಂದರೆ, ಕಿನ್ಶಾಸಾ ನಗರದಲ್ಲಿ ಪೂರ್ಣ ಪ್ರಮಾಣದ ಐದನೇ ಒಂದು ಭಾಗವನ್ನಷ್ಟೇ ಕೊಟ್ಟು ಜನರನ್ನು ಕಾಪಾಡಬೇಕಾಯಿತು. ಹಾಗಿರುವಾಗ, ದುಡ್ಡು ಕೊಟ್ಟರೆ ಸೂಜಿ ಚುಚ್ಚಿಸಿಕೊಳ್ಳದೆಯೇ ಕಾರ್ಡು ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳ ಹತ್ತಿರವೂ ಸುಳಿಯಬೇಡಿ. ಆ ಕಾಗದದಿಂದ ಅಧಿಕಾರಿಯ ಕಣ್ಣು ತಪ್ಪಿಸಬಹುದು, ಸೊಳ್ಳೆಯದ್ದಲ್ಲ.

ಎಲ್ಲರಿಗೂ ಈ ಲಸಿಕೆ ಹಾಕುವಂತಿಲ್ಲ ಎಂಬುದನ್ನೂ ಹೇಳಲೇಬೇಕು. ಇದು ಜೀವಂತ ವೈರಾಣುವಿನ ಲಸಿಕೆ. ಒಂಬತ್ತು ತಿಂಗಳೊಳಗಿನ ಕೂಸುಗಳು, ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ಪ್ರತಿರೋಧ ತಗ್ಗಿಸುವ ಗುಳಿಗೆ ತಿನ್ನುವವರು ಮೊದಲೇ ಹೇಳಬೇಕು. ಲಸಿಕೆಯ ವೈರಾಣುವೇ ದೇಹದ ಅಂಗಾಂಗಗಳಿಗೆ ಹರಡುವ ಗಂಭೀರ ತೊಂದರೆ ಲಕ್ಷ ಡೋಸಿಗೆ ಒಂದಕ್ಕಿಂತಲೂ ಕಡಿಮೆ. ಆದರೆ 60 ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ಅದು ಹೆಚ್ಚು. ನೈರೋಬಿಯಲ್ಲಿರುವ ಮಗನನ್ನು ನೋಡಲು ಹೊರಟ 70ರ ತಂದೆಗೆ ಲಸಿಕೆ ಹಾಕಬೇಕೋ, ಹಾಕಬಾರದೆಂದು ವೈದ್ಯರು ವಿನಾಯಿತಿ ಪತ್ರ ಬರೆಯಬೇಕೋ ಎಂಬುದು ಕೂತು ಯೋಚಿಸಿ ತೀರ್ಮಾನಿಸಬೇಕಾದ ವಿಷಯ. ವಿನಾಯಿತಿ ಪತ್ರ ಇದ್ದರೂ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ ತಡೆಯಬಹುದು ಎಂಬುದೂ ಅವರಿಗೆ ತಿಳಿದಿರಬೇಕು.

ಈಗ 2023ರ ಏಪ್ರಿಲ್‌ಗೆ ಬರೋಣ. ಸುಡಾನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹುಣಸೂರಿನ ಪಕ್ಷಿರಾಜಪುರದ, ಚನ್ನಗಿರಿ ಕಡೆಯ ಹಾಡಿಗಳ, ನಮ್ಮ ಶಿವಮೊಗ್ಗದ ಆಸುಪಾಸಿನ ಈ ಜನ ಗಿಡಮೂಲಿಕೆ, ಕೇಶತೈಲ ಹೊತ್ತು ಆಫ್ರಿಕಾದ ದೇಶ ದೇಶ ಸುತ್ತುತ್ತಾರೆ ಎಂಬುದು ಅನೇಕರಿಗೆ ಗೊತ್ತಾದದ್ದೇ ಆಗ. ‘ಆಪರೇಷನ್ ಕಾವೇರಿ’ಯ ಮೂಲಕ ಅವರನ್ನೂ ಇತರರನ್ನೂ ಕರೆತಂದರು. ಗುಂಡಿನ ಸದ್ದಿನಿಂದ ಪಾರಾಗಿ ತಾಯ್ನಾಡಿನಲ್ಲಿ ಇಳಿದವರಲ್ಲಿ ಕಾರ್ಡಿಲ್ಲದವರನ್ನು ಮತ್ತೆ ಪ್ರತ್ಯೇಕವಾಗಿ ಇರಿಸಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯ ಆ ದಿನಗಳಲ್ಲಿ ಕೊಟ್ಟ ಲೆಕ್ಕದಲ್ಲಿ, ಬಂದಿಳಿದ 1,191 ಮಂದಿಯಲ್ಲಿ 117 ಜನ ಹಾಗೆ ಉಳಿದಿದ್ದರು. ನಿಯಮ ಸರಿಯೇ. ಆದರೆ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಕಾರ್ಡು ಇದ್ದವರೂ ಸೇರಿದಂತೆ, ಆ ಜನರಿಗೆ ಹೊರಡುವ ಮೊದಲು ಮಲೇರಿಯಾದ ಬಗ್ಗೆ ಯಾರಾದರೂ ಹೇಳಿದ್ದರೆ? ಟೈಫಾಯಿಡ್ ಲಸಿಕೆಯ ಬಗ್ಗೆ? ಗರ್ಭಿಣಿ ಹೆಂಡತಿಯನ್ನು ಜೊತೆಗೆ ಕರೆದೊಯ್ಯಬಹುದೇ ಎಂಬ ಬಗ್ಗೆ?

ಇಂದು ನಾನು ಹೇಳಬೇಕೆಂದಿರುವುದು ಇಲ್ಲಿದೆ. ಗಡಿಯಲ್ಲಿ ಕೇಳುವ ಲಸಿಕೆ ಮುಖ್ಯವಾಗಿ ದೇಶವನ್ನು ಕಾಯುವುದಕ್ಕೆ. ಗಲ್ಫಿಗೆ ಹೊರಟ ಕಾರ್ಮಿಕನಿಗೆ ಮಾಡಿಸುವ ವೈದ್ಯಕೀಯ ತಪಾಸಣೆಯೂ ಅಷ್ಟೇ. ಅವನು ಕೆಲಸಕ್ಕೆ ತಕ್ಕವನೇ, ಸೋಂಕು ತರುತ್ತಾನೆಯೇ ಎಂದು ಆ ದೇಶ ನೋಡಿಕೊಳ್ಳುತ್ತದೆ. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಎಷ್ಟು ನೀರು ಕುಡಿಯಬೇಕು, ಮೂತ್ರಪಿಂಡದಲ್ಲಿ ಕಲ್ಲಾಗದಂತೆ ಏನು ಮಾಡಬೇಕು ಎಂದು ಆ ತಪಾಸಣೆಯ ಕೊನೆಗೆ ಯಾರೂ ಹೇಳುವುದಿಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿ ಲಸಿಕೆಯ ಪುರಾವೆ ಕೇಳಲು ಹೆಸರಿಸಿರುವ ರೋಗ ಹಳದಿ ಜ್ವರ ಒಂದೇ. ಪ್ರಯಾಣಿಕನನ್ನು ನಿಜವಾಗಿ ಮಲಗಿಸುವ, ಕೊಲ್ಲುವ ರೋಗಗಳ ಬಹುಪಾಲನ್ನು ಯಾವ ಗಡಿಯಲ್ಲಿಯೂ ಯಾರೂ ಕೇಳುವುದಿಲ್ಲ. ಅವನ್ನು ಕೇಳಿ ತಿಳಿದುಕೊಳ್ಳಬೇಕಾದವನು ಹೊರಟವನೇ.

ಅವುಗಳಲ್ಲಿ ಮೊದಲನೆಯದು ಮಲೇರಿಯಾ. ಕರಾವಳಿಯ ಜನಕ್ಕೆ ಮಲೇರಿಯಾ ಹೊಸದಲ್ಲ. ಮಂಗಳೂರಿನಲ್ಲಿ ಅದನ್ನು ಅನುಭವಿಸಿದವರು, ‘ನಡುಗಿ ಜ್ವರ ಬರುತ್ತದೆ, ಗುಳಿಗೆ ತಿಂದರೆ ಹೋಗುತ್ತದೆ’ ಎನ್ನುತ್ತಾರೆ. ಅಲ್ಲಿ ಕಂಡದ್ದು ಬಹುಮಟ್ಟಿಗೆ ವೈವಾಕ್ಸ್. ಕಾಂಗೊ, ನೈಜೀರಿಯಾ, ಘಾನಾಗಳಲ್ಲಿ ಕಾದಿರುವುದು ಫಾಲ್ಸಿಪಾರಂ. ಅದು ಕ್ಲೋರೋಕ್ವಿನ್ ಗುಳಿಗೆಗೆ ಬಗ್ಗುವುದಿಲ್ಲ. ಚಿಕಿತ್ಸೆ ಎರಡು ಮೂರು ದಿನ ತಡವಾದರೂ ಮಿದುಳಿಗೆ, ಮೂತ್ರಪಿಂಡಕ್ಕೆ ಏರಿ ಪ್ರಾಣ ತೆಗೆಯಬಲ್ಲದು. ಊರಿನಲ್ಲಿ ಮಲೇರಿಯಾ ಬಂದು ಹೋದವನಿಗೆ ಅಲ್ಲಿ ರಕ್ಷಣೆ ಇದೆ ಎಂದೂ ಭಾವಿಸಬೇಡಿ. ವರ್ಷಗಟ್ಟಲೆ ಅಲ್ಲೇ ಇದ್ದು ರಜೆಗೆ ಬಂದು ಮರಳುವವರೂ ಆ ಭರವಸೆಯಲ್ಲೇ ಅಪಾಯಕ್ಕೆ ಬೀಳುತ್ತಾರೆ.

ಲಸಿಕೆ ಇಲ್ಲವೇ ಎಂದು ಕೇಳುತ್ತಾರೆ. ಪುಣೆಯ ಸೀರಮ್ ಸಂಸ್ಥೆ ತಯಾರಿಸುವ ಆರ್‌21 ಎಂಬ ಲಸಿಕೆಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿದೆ, ನಿಜ. ಅದು ಮಲೇರಿಯಾ ಇರುವ ನಾಡಿನಲ್ಲೇ ಬೆಳೆಯುವ ಮಕ್ಕಳಿಗಾಗಿ, ಪ್ರಯಾಣಿಕರಿಗಲ್ಲ. ಪ್ರಯಾಣಿಕರಿಗೆ ಇರುವುದು ಮುಂಜಾಗ್ರತೆಯ ಗುಳಿಗೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ಅಲ್ಲಿರುವಷ್ಟು ದಿನ ದಿನಕ್ಕೊಂದು, ಮರಳಿದ ಮೇಲೆ ನಾಲ್ಕು ವಾರ. ಮೆಫ್ಲೋಕ್ವಿನ್ ಆದರೆ ವಾರಕ್ಕೊಂದು, ಎರಡು ಮೂರು ವಾರ ಮೊದಲೇ ಶುರು ಮಾಡಬೇಕು, ಮರಳಿದ ಮೇಲೆ ನಾಲ್ಕು ವಾರ. ಮೊದಲನೆಯದು ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಆಗದು, ಬಿಸಿಲಿಗೆ ಚರ್ಮ ಸುಡುತ್ತದೆ. ಎರಡನೆಯದನ್ನು ಖಿನ್ನತೆ, ಅಪಸ್ಮಾರ ಇದ್ದವರಿಗೆ ಕೊಡಬಾರದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಂಬ ಮತ್ತೊಂದನ್ನು ಮರಳಿದ ಮೇಲೆ ಏಳು ದಿನ ತಿಂದರೆ ಸಾಕು. ಜನ ತಪ್ಪುವುದು ಹೆಚ್ಚಾಗಿ ಈ ಕೊನೆಯ ವಾರಗಳಲ್ಲೇ. ಊರು ಸೇರಿದೆವಲ್ಲ ಎಂದು ಗುಳಿಗೆ ನಿಲ್ಲಿಸುತ್ತಾರೆ. ಯಕೃತ್ತಿನಲ್ಲಿ ಅಡಗಿದ್ದ ಪರಾವಲಂಬಿ ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಯಾರಿಗೆ ಯಾವ ಗುಳಿಗೆ ಎಂಬುದನ್ನು ನಾನು ಈ ವೇದಿಕೆಯಿಂದ ಹೇಳಲಾರೆ, ನೀವೂ ಪಕ್ಕದ ಮನೆಯವರನ್ನು ಕೇಳಿ ತಿನ್ನಬೇಡಿ. ಗುಳಿಗೆಯ ಜೊತೆಗೆ ರಾತ್ರಿ ಸೊಳ್ಳೆಪರದೆ ಬೇಕೇ ಬೇಕು. ಮಲೇರಿಯಾದ ಸೊಳ್ಳೆ ಇರುಳಿನದು, ಹಳದಿ ಜ್ವರದ ಸೊಳ್ಳೆ ಹಗಲಿನದು. ಅಂದರೆ ತುಂಬುತೋಳಿನ ಅಂಗಿ, ಸೊಳ್ಳೆ ಮುಲಾಮು ದಿನವಿಡೀ.

ಹೊರಡುವವರಿಗೆ ಯಾರೂ ಏನೂ ಹೇಳದ ಈ ಸ್ಥಿತಿಗೆ ಹೋಲಿಸಿದರೆ ಹಜ್ ಯಾತ್ರೆಯ ವ್ಯವಸ್ಥೆ ನನಗೆ ಭರವಸೆ ಕೊಡುತ್ತದೆ. ಅದಕ್ಕೊಂದು ದೊಡ್ಡ ಇತಿಹಾಸವಿದೆ. 1865ರಲ್ಲಿ ಮೆಕ್ಕಾದಲ್ಲಿ ಕಾಲರಾ ಎದ್ದು ಸಾವಿರಾರು ಯಾತ್ರಿಕರು ಸತ್ತರು. ಬದುಕಿ ಮರಳಿದವರ ಜೊತೆ ರೋಗ ಸೂಯೆಜ್ ದಾಟಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಯುರೋಪಿಗೆ ಹೋಯಿತು. ಮರುವರ್ಷ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೇಶಗಳೆಲ್ಲ ಸಭೆ ಸೇರಿದ್ದು ಆ ಕಾರಣಕ್ಕೇ. ಪ್ರಯಾಣಿಕನ ಆರೋಗ್ಯ ಅಂತರರಾಷ್ಟ್ರೀಯ ವ್ಯವಹಾರವಾದದ್ದರಲ್ಲಿ ಹಜ್ ಹಾದಿಯ ಪಾತ್ರ ದೊಡ್ಡದು. ನಮ್ಮ ಕಾಲದಲ್ಲಿ 1987ರಲ್ಲೂ 2000ದಲ್ಲೂ ಯಾತ್ರಿಕರಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಉರಿಯೂತ, ಹರಡಿತು. ಎರಡನೆಯ ಸಲ ಬಂದದ್ದು ಡಬ್ಲ್ಯೂ-135 ಎಂಬ ತಳಿ. ಆಗ ಚಾಲ್ತಿಯಲ್ಲಿದ್ದ ಲಸಿಕೆಯಲ್ಲಿ ಅದು ಇರಲಿಲ್ಲ. ಆಮೇಲೆ ಸೌದಿ ಸರ್ಕಾರ ನಾಲ್ಕು ತಳಿಗಳ ಲಸಿಕೆಯನ್ನು ಕಡ್ಡಾಯ ಮಾಡಿತು. ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಯಾತ್ರೆಗೆ ಮುನ್ನ ನಮ್ಮ ಜಿಲ್ಲೆಗಳಲ್ಲಿ ಶಿಬಿರ ನಡೆಸಿ ಲಸಿಕೆ ಹಾಕುತ್ತಾರೆ, ಪೋಲಿಯೊ ಹನಿ ಕೊಡುತ್ತಾರೆ. ಹಿರಿಯರಿಗೆ ಬಿಪಿ, ಸಕ್ಕರೆ ನೋಡುತ್ತಾರೆ. ಓದು ಬಾರದ ಯಾತ್ರಿಕನಿಗೂ ಅಲ್ಲಿ ಅವನ ಭಾಷೆಯಲ್ಲೇ ವಿವರಿಸುವವರು ಇರುತ್ತಾರೆ. ಹಜ್ ಯಾತ್ರಿಕರಿಗೆ ಮಾಡಲು ಸಾಧ್ಯವಾದದ್ದನ್ನು ಹಕ್ಕಿಪಿಕ್ಕಿ ಹಾಡಿಯಲ್ಲಿ ಮಾಡಲು ಯಾಕೆ ಸಾಧ್ಯವಿಲ್ಲ?

ಓದಲು ಹೋಗುವ ಮಕ್ಕಳ ಕಡೆಗೆ ಬರುತ್ತೇನೆ. ಪ್ರತಿ ವರ್ಷ ಜುಲೈ ಕೊನೆಗೆ ತಂದೆತಾಯಿ ಓಡಿಬರುತ್ತಾರೆ. ಆಗಸ್ಟ್‌ನಲ್ಲಿ ಅಮೆರಿಕದ ತರಗತಿ ಶುರು, ಕಾಲೇಜಿನ ಆರೋಗ್ಯ ಅರ್ಜಿ ಇನ್ನೂ ಖಾಲಿ. ಅಲ್ಲಿನ ಕಾಲೇಜುಗಳು ಸಾಮಾನ್ಯವಾಗಿ ದಡಾರ, ಮಂಗಬಾವು, ರುಬೆಲ್ಲಾ ಸೇರಿದ ಎಂಎಂಆರ್ ಲಸಿಕೆ ಎರಡು ಸಲ ಆಗಿರುವ ದಾಖಲೆ ಕೇಳುತ್ತವೆ. ಎರಡು ಡೋಸುಗಳ ನಡುವೆ 28 ದಿನ ಇರಲೇಬೇಕು. ಸಿತಾಳೆಸಿಡುಬಿನ ಲಸಿಕೆಯೂ ಜೀವಂತ ವೈರಾಣುವಿನದೇ. ಅದನ್ನು ಎಂಎಂಆರ್ ಜೊತೆ ಅದೇ ದಿನ ಹಾಕಬೇಕು, ತಪ್ಪಿದರೆ ನಾಲ್ಕು ವಾರ ಕಾಯಬೇಕು. ಕ್ಷಯದ ಮ್ಯಾಂಟೂ ಪರೀಕ್ಷೆ ಕೇಳಿದ್ದರೆ ಅದನ್ನೂ ಲಸಿಕೆಯ ದಿನವೇ ಮಾಡಬೇಕು, ಇಲ್ಲವೇ ತಿಂಗಳು ಬಿಡಬೇಕು. ಲಸಿಕೆ ಆ ಫಲಿತಾಂಶವನ್ನು ಕೆಲವು ವಾರ ಮಸುಕುಗೊಳಿಸುತ್ತದೆ. ಹೀಗೆ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಿದರೆ ಆರು ವಾರ ಆಗಿಯೇ ಆಗುತ್ತದೆ. ನಾನು ಆರು ವಾರ ಎಂದು ಹಟ ಹಿಡಿಯುವುದು ಅದಕ್ಕೇ. ವೀಸಾ ದಿನಾಂಕ ಗೊತ್ತಾಗಲಿ ಎಂದು ಕಾಯುವ ಅಗತ್ಯವಿಲ್ಲ. ಸೀಟು ಸಿಕ್ಕಿದ ದಿನವೇ ಲಸಿಕೆಯ ಕೆಲಸ ಶುರು ಮಾಡಬಹುದು; ವೀಸಾ ಸಿಗದಿದ್ದರೂ ಹಾಕಿಸಿಕೊಂಡದ್ದು ವ್ಯರ್ಥವಾಗುವುದಿಲ್ಲ.

ಮಕ್ಕಳಾಗಿದ್ದಾಗಿನ ಲಸಿಕೆ ಬರೆದಿಟ್ಟ ತಾಯಿ ಕಾರ್ಡು ಎಲ್ಲಿದೆ ಎಂದು ಕೇಳಿದರೆ ಮನೆ ಬದಲಾಯಿಸುವಾಗ ಹೋಯಿತು ಎನ್ನುತ್ತಾರೆ. ಸಿಕ್ಕರೂ ಆ ಕಾಲದ ಸರ್ಕಾರಿ ಪಟ್ಟಿಯಲ್ಲಿ ಎಂಎಂಆರ್‌ನ ಮೂರರಲ್ಲಿ ದಡಾರ ಒಂದೇ ಇತ್ತು. ರುಬೆಲ್ಲಾ ಸೇರಿದ ಎಂಆರ್ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ ಶುರುವಾದದ್ದು 2017ರ ಫೆಬ್ರುವರಿಯಲ್ಲಿ. ದಾಖಲೆ ಇಲ್ಲದಿದ್ದರೆ ಗಾಬರಿ ಬೇಡ, ಮತ್ತೆ ಹಾಕಿಸಿಕೊಂಡರೆ ಅಪಾಯವಿಲ್ಲ. ಇಲ್ಲವೇ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ಪರೀಕ್ಷಿಸಬಹುದು. ಇನ್ನೊಂದು ಆತಂಕ ಮ್ಯಾಂಟೂ ಪರೀಕ್ಷೆಯ ಊತ. ಎಡತೋಳಿನಲ್ಲಿ ಬಿಸಿಜಿ ಗುರುತು ಇರುವ ನಮ್ಮ ಮಕ್ಕಳಲ್ಲಿ ಅದು ಪಾಸಿಟಿವ್ ಬರಬಹುದು. ಮಗಳಿಗೆ ಟಿ.ಬಿ. ಎಂದು ಮನೆಯಲ್ಲಿ ಅಳು ಎದ್ದದ್ದನ್ನು ನಾನು ಕಂಡಿದ್ದೇನೆ. ಬಿಸಿಜಿಯ ಪ್ರಭಾವಕ್ಕೆ ಒಳಗಾಗದ ರಕ್ತಪರೀಕ್ಷೆ ಇದೆ, ಎದೆಯ ಎಕ್ಸ್‌ರೇ ಇದೆ. ಅವುಗಳಿಂದ ವಿಷಯ ಸ್ಪಷ್ಟವಾಗುತ್ತದೆ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವವರಿಗೆ ವೀಸಾಕ್ಕೆ ಮೊದಲೇ ಆ ದೇಶ ಒಪ್ಪಿದ ಕೇಂದ್ರದಲ್ಲಿ ಕ್ಷಯ ತಪಾಸಣೆ ಆಗಬೇಕು.

ಕಾಮಾಲೆಯ ಹೆಪಟೈಟಿಸ್ ‘ಎ’ ವಿಷಯದಲ್ಲಿ ಗಮನಿಸಬೇಕಾದ ಒಂದು ಬದಲಾವಣೆ ಇದೆ. ನನ್ನ ತಲೆಮಾರಿನ ಹೆಚ್ಚಿನವರಿಗೆ ಬಾಲ್ಯದಲ್ಲೇ ಅದು ಗೊತ್ತಾಗದಂತೆ ಬಂದುಹೋಗಿ ಪ್ರತಿರೋಧ ಕೊಟ್ಟಿದೆ. ಶುದ್ಧ ನೀರು ಕುಡಿದು ಬೆಳೆದ ಇಂದಿನ ನಗರದ ಯುವಕರಿಗೆ ಅದು ಇಲ್ಲ. ದೊಡ್ಡವರಾದ ಮೇಲೆ ಬಂದರೆ ಅದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತದೆ. ತಂದೆಗೆ ಬೇಡವಾದ ಲಸಿಕೆ ಮಗನಿಗೆ ಬೇಕಾಗುವುದು ಹೀಗೆ.

ಇನ್ನು ನಮ್ಮ ತಾಯಂದಿರು. ಮಗಳ ಬಾಣಂತನಕ್ಕೆಂದು ಡಲ್ಲಾಸಿಗೋ ಲಂಡನ್ನಿಗೋ ಹೊರಡುವ ಅಮ್ಮ ಅಂಟಿನುಂಡೆ, ಮೆಂತ್ಯ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಕೊಳ್ಳುತ್ತಾರೆ. ಅಮೆರಿಕದ ವೈದ್ಯರು ಮಗುವನ್ನು ಎತ್ತಿಕೊಳ್ಳುವ ಅಜ್ಜ ಅಜ್ಜಿಗೆ ಟಿಡ್ಯಾಪ್ ಎಂಬ ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಅದು ಒಂದೇ ಚುಚ್ಚುಮದ್ದು. ದೊಡ್ಡವರಲ್ಲಿ ನಾಯಿಕೆಮ್ಮು ಬರೀ ಉದ್ದನೆಯ ಕೆಮ್ಮು. ಎರಡು ತಿಂಗಳ ಕೂಸಿಗೆ ಅದೇ ಉಸಿರು ನಿಲ್ಲಿಸುವ ರೋಗ. ಕೂಸಿನ ಸ್ವಂತ ಲಸಿಕೆ ಶುರುವಾಗುವ ತನಕ ಅದಕ್ಕೆ ರಕ್ಷಣೆ ಎಂದರೆ ಗರ್ಭದಲ್ಲಿದ್ದಾಗ ತಾಯಿ ಹಾಕಿಸಿಕೊಂಡ ಲಸಿಕೆ ಮತ್ತು ಸುತ್ತಲಿನವರು ಹಾಕಿಸಿಕೊಂಡದ್ದು. ಮಗುವನ್ನು ಮುಟ್ಟುವ ಎರಡು ವಾರ ಮೊದಲೇ ಇದು ಆಗಿರಬೇಕು, ಜೊತೆಗೆ ಫ್ಲೂ ಲಸಿಕೆಯೂ. ಇಲ್ಲಿ ಹಾಕಿಸಿಕೊಂಡು ಹೋದರೆ ಅಲ್ಲಿನ ಖರ್ಚೂ ಉಳಿಯುತ್ತದೆ.

ಆ ಅಮ್ಮನ ಸ್ವಂತ ಆರೋಗ್ಯವನ್ನು ಕೇಳುವವರು ಯಾರು? ಆರು ತಿಂಗಳಿಗೆ ಆಗುವಷ್ಟು ಬಿಪಿ, ಸಕ್ಕರೆ ಗುಳಿಗೆ ಅಂಗಡಿಯ ಪೊಟ್ಟಣದಲ್ಲೇ ಇರಬೇಕು. ಕಂಪನಿಯ ಹೆಸರು ಅಲ್ಲಿ ಯಾರಿಗೂ ಅರ್ಥವಾಗದು, ಆದ್ದರಿಂದ ಔಷಧಿಯ ಮೂಲ ಹೆಸರು ಬರೆದ ವೈದ್ಯರ ಚೀಟಿ ಬೇಕು. ಇನ್ಸುಲಿನ್ ಕೈಚೀಲದಲ್ಲಿ, ವಿಮಾನದ ಕೆಳಗಿನ ಸಾಮಾನು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ಹೊತ್ತು ಹತ್ತು ಗಂಟೆ ಹಿಂದೆ ಮುಂದೆ ಆಗುವಾಗ ಇನ್ಸುಲಿನ್ ಯಾವಾಗ, ಎಷ್ಟು ಎಂದು ಬರೆಸಿಕೊಳ್ಳಬೇಕು. ಉದ್ದದ ವಿಮಾನಯಾನದಲ್ಲಿ ಆಗಾಗ ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ದುಬೈ ದಾರಿಯಲ್ಲಿ ಹೋಗುವವರು ಟ್ರಮಡಾಲ್, ಕೊಡೀನ್ ಸೇರಿದ ನೋವಿನ ಗುಳಿಗೆ, ಕೆಮ್ಮಿನ ಔಷಧಿ ಇಟ್ಟುಕೊಳ್ಳುವ ಮೊದಲು ಅಲ್ಲಿನ ಕಾನೂನು ವಿಚಾರಿಸಬೇಕು. ಇಲ್ಲಿ ಮಾಮೂಲಿಯಾದದ್ದು ಅಲ್ಲಿ ಜೈಲಿಗೆ ಹೋಗುವ ಅಪರಾಧ ಆಗಬಹುದು.

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬರುವ ಅಲ್ಲಿನ ಮೊಮ್ಮಕ್ಕಳಿಗೆ ನಮ್ಮ ಊರೇ ವಿದೇಶ. ಅವರಿಗೆ ಟೈಫಾಯಿಡ್ ಲಸಿಕೆ ಬೇಕು. ಹೈದರಾಬಾದಿನಲ್ಲಿ ತಯಾರಾಗುವ, ಆರು ತಿಂಗಳ ಕೂಸಿಗೂ ಕೊಡಬಹುದಾದ ಒಳ್ಳೆಯ ಲಸಿಕೆ ಇದೆ. ಆದರೆ ನನಗೆ ಹೆಚ್ಚು ಭಯ ನಾಯಿಯದು. ನಾಯಿ ಎಂದರೆ ಮುದ್ದಿಸುವ ಪ್ರಾಣಿ ಎಂದು ಮಾತ್ರ ತಿಳಿದ ಮಗು ಬೀದಿಯ ಮರಿಯನ್ನು ಎತ್ತಿಕೊಳ್ಳುತ್ತದೆ, ಕಚ್ಚಿದರೆ ಬೈಯುತ್ತಾರೆಂದು ಹೇಳುವುದಿಲ್ಲ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಗಾಯವನ್ನು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ; ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ; ಅಂದೇ ಆಸ್ಪತ್ರೆಗೆ ಹೋಗಿ. ಹೊರಡುವ ಮೊದಲೇ ಮುಂಜಾಗ್ರತೆಯ ಲಸಿಕೆ ಆಗಿದ್ದ ಮಗುವಿಗೆ ಕಚ್ಚಿದ ಮೇಲೆ ಎರಡೇ ಡೋಸು ಸಾಕು, ದುಬಾರಿಯಾದ ಮತ್ತು ಎಲ್ಲ ಕಡೆ ಸಿಗದ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಹಳ್ಳಿಯಲ್ಲಿ ಇರಲು ಬರುವ ಮಕ್ಕಳ ತಂದೆತಾಯಿಗೆ ಫೋನಿನಲ್ಲಿ ಈ ಮಾತು ತಿಳಿಸಿ.

ನಮ್ಮ ಮೆಗ್ಗಾನ್ ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಪರದೇಶಕ್ಕೆ ಹೊರಟವರಿಗಾಗಿ ಒಂದು ಕೋಣೆ ತೆರೆಯಬೇಕೆಂದು ಈ ಸಭೆಯ ಮೂಲಕ ಕೋರುತ್ತೇನೆ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಒಬ್ಬ ವೈದ್ಯ, ಒಬ್ಬ ದಾದಿ, ಲಸಿಕೆಯ ಒಂದು ಶೀತಪೆಟ್ಟಿಗೆ, ಯಾವ ದೇಶದಲ್ಲಿ ಯಾವ ರೋಗ ಇದೆ ಎಂಬ ಹೊಸ ಮಾಹಿತಿ. ಎಲ್ಲಿಗೆ, ಎಷ್ಟು ದಿನಕ್ಕೆ, ಯಾವ ಕೆಲಸಕ್ಕೆ, ಹಳ್ಳಿಗೋ ನಗರಕ್ಕೋ, ಈಗಾಗಲೇ ಯಾವ ಕಾಯಿಲೆ ಇದೆ, ಬಸಿರಿಯೇ, ಹಿಂದೆ ಯಾವ ಲಸಿಕೆ ಆಗಿದೆ: ಇಷ್ಟನ್ನು ಸಮಾಧಾನದಿಂದ ಕೇಳಲು ಅರ್ಧ ಗಂಟೆ ಸಾಕು. ವರ್ಷಕ್ಕೆ ಎರಡು ಸಲ ಆ ತಂಡ ಹಕ್ಕಿಪಿಕ್ಕಿ ಹಾಡಿಗಳಿಗೆ ತಾನೇ ಹೋಗಬೇಕು. ಹಳದಿ ಜ್ವರದ ಲಸಿಕೆಗೆ ಅವರು ಸರ್ಕಾರ ಗುರುತಿಸಿದ ಕೇಂದ್ರಕ್ಕೆ ಹೋಗಲೇಬೇಕಾದರೂ, ಉಳಿದ ಲಸಿಕೆ, ಮಲೇರಿಯಾ ಗುಳಿಗೆ, ತಿಳಿವಳಿಕೆ ಹಾಡಿಯಲ್ಲೇ ಸಿಗಬೇಕು, ಸಾಧ್ಯವಾದರೆ ಅವರ ವಾಗ್ರಿ ಭಾಷೆ ಬಲ್ಲವರ ಬಾಯಿಂದ.

ಕೊನೆಯದಾಗಿ ಸಭೆಯಲ್ಲಿರುವ ಕಿರಿಯ ವೈದ್ಯರಿಗೆ ಒಂದು ಮಾತು. ಪ್ರಯಾಣದ ಸಲಹೆ ಮರಳಿ ಬಂದ ದಿನ ಮುಗಿಯುವುದಿಲ್ಲ. ಮಳೆಗಾಲದಲ್ಲಿ ಜ್ವರ ಎಂದು ಬಂದವರಿಗೆಲ್ಲ ನಾವು ಡೆಂಗಿ ಪರೀಕ್ಷೆ ಬರೆಯುತ್ತೇವೆ, ಬೇಸಿಗೆಯಲ್ಲಿ ಬಂದರೆ ಮಂಗನ ಕಾಯಿಲೆ ನೆನೆಯುತ್ತೇವೆ. ಅದರ ಜೊತೆಗೆ, ಕಳೆದ ಮೂರು ತಿಂಗಳಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಪ್ರತಿಯೊಬ್ಬರನ್ನೂ ಕೇಳಿ. ರೋಗಿ ತಾನಾಗಿ ಹೇಳುವುದಿಲ್ಲ. ಆಫ್ರಿಕಾಕ್ಕೆ ಹೋಗಿದ್ದಕ್ಕೂ ಇವತ್ತಿನ ಜ್ವರಕ್ಕೂ ಸಂಬಂಧ ಇದೆ ಎಂದು ಅವನಿಗೆ ಗೊತ್ತಿರುವುದಿಲ್ಲ. ಹೋಗಿದ್ದೆ ಎಂದರೆ ಮಲೇರಿಯಾಕ್ಕಾಗಿ ರಕ್ತಲೇಪನ ಅದೇ ದಿನ ಮಾಡಿಸಿ, ಫಲಿತಾಂಶ ಅದೇ ದಿನ ಕೈಗೆ ಬರಲಿ. ನೆಗೆಟಿವ್ ಬಂದರೂ ಜ್ವರ ಇಳಿಯದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಮತ್ತೆ ನೋಡಿ, ಒಟ್ಟು ಮೂರು ಸಲ. ಗುಳಿಗೆ ಸರಿಯಾಗಿ ತಿಂದಿದ್ದೆ ಎಂದು ಅವನು ಹೇಳಿದರೂ ಈ ಪರೀಕ್ಷೆ ಬಿಡಬೇಡಿ.